ನೀರಿನ ಅಕ್ಷರ, ಹೊಟ್ಟೆಯ ಕಿಚ್ಚು

ಚೀನಾದ ಶಿಯಾನ್ ನಗರದ ಪಾರ್ಕಿನಲ್ಲಿ ದಿನಾ ಬೆಳಿಗ್ಗೆ ಮುದುಕರು ಉದ್ದನೆಯ ಕುಂಚವನ್ನು ಬಕೆಟ್ಟಿನ ನೀರಿಗೆ ಅದ್ದಿ, ನೆಲದ ಕಲ್ಲುಗಳ ಮೇಲೆ ಹಳೆಯ ಕವಿತೆಗಳನ್ನು ಬರೆಯುತ್ತಾರೆ. ಬಿಸಿಲೇರಿದರೆ ಎಲ್ಲವೂ ಆರಿಹೋಗುತ್ತದೆ. ಮೂವತ್ತೈದು ವರ್ಷ ಶಾಲೆಯಲ್ಲಿ ಅಕ್ಷರ ತಿದ್ದಿಸಿದ ಫಾನ್ ಮೇಷ್ಟ್ರಿಗೆ ಅಲ್ಲಿ ಕಂಡರಾಗದವನು ಒಬ್ಬನೇ, ಗೌ. ಹಂದಿಮಾಂಸದ ಅಂಗಡಿಯಲ್ಲಿ ಕತ್ತಿ ಹಿಡಿದು ಬದುಕಿದ ಆ ಗೌ ಕುಂಚ ಹಿಡಿದರೆ ಸಾಕು, ವಿದೇಶಿ ಪ್ರವಾಸಿಗರು ಮುತ್ತಿಕೊಳ್ಳುತ್ತಿದ್ದರು.

"ಓದೋಕೆ ಬರದವರಿಗೆ ಎಲ್ಲಾ ಚಂದಾನೇ," ಎಂದು ಫಾನ್ ಅವನಿಗೆ ಕೇಳಿಸುವಂತೆಯೇ ಗೊಣಗುತ್ತಿದ್ದರು. "ಎಲುಬು ಕಡಿದ ಹಾಗೆ ಬರೀತಾನೆ!"

ಗೌ ನಗುತ್ತಿದ್ದ. "ಬನ್ನಿ ಮೇಷ್ಟ್ರೇ, ಒಂದು ಲೋಟ ಚಹಾ ಕುಡೀರಿ. ಹೊಟ್ಟೆ ತಣ್ಣಗಾಗ್ಲಿ."

ಆವತ್ತು ವಿದೇಶಿ ಹೆಂಗಸೊಬ್ಬಳು ಗೌನನ್ನು ದಾಟಿ ನೇರವಾಗಿ ಫಾನ್ ಹತ್ತಿರ ಬಂದಳು. ಮೇಷ್ಟ್ರ ಎದೆ ಉಬ್ಬಿತು. ಜೊತೆಗಿದ್ದ ದುಭಾಷಿ ಹುಡುಗಿ ಕೇಳಿದಳು: "ತಾತ, ನೀವು ಮೇಷ್ಟ್ರಂತೆ. ಇಲ್ಲಿ ಎಲ್ಲಕ್ಕಿಂತ ಒಳ್ಳೇ ಅಕ್ಷರ ಯಾರ್ದು ಅಂತ ಇವರು ಕೇಳ್ತಿದಾರೆ. ಇವರಿಗೆ ಗೊತ್ತಾಗಲ್ವಂತೆ."

ಫಾನ್ ತಮ್ಮ ಸಾಲನ್ನು ನೋಡಿದರು. ನೆಟ್ಟಗಿತ್ತು, ಒಂದೂ ತಪ್ಪಿರಲಿಲ್ಲ. ಆಮೇಲೆ ಗೌನ ಸಾಲನ್ನು ನೋಡಿದರು. ಅದರ ಕೊನೆಯಲ್ಲಿ 'ಗಾಳಿ' ಎಂಬರ್ಥದ ಅಕ್ಷರ, ಕಲ್ಲಿನಿಂದ ಎದ್ದು ಹೊರಟೇಬಿಡುವಂತಿತ್ತು. ಸುಳ್ಳು ಹೇಳಲು ಅವರು ಬಾಯಿ ತೆರೆದರು. ಆದರೆ ಮೂವತ್ತೈದು ವರ್ಷ ಮಕ್ಕಳ ಬರಹ ತಿದ್ದಿದ ಕೈ, ಬಾಯಿಗಿಂತ ಮೊದಲೇ ಗೌನ ಅಕ್ಷರದತ್ತ ಚಾಚಿತ್ತು.

ಹೆಂಗಸು ಸಂತೋಷದಿಂದ ಕ್ಯಾಮೆರಾ ತೆಗೆದಳು. ಅವಳು ಬಗ್ಗುವುದರೊಳಗೆ ಫಾನ್ ಮೇಷ್ಟ್ರು ತಮ್ಮ ಬಕೆಟ್ಟನ್ನೆತ್ತಿ, ಉಳಿದಿದ್ದ ನೀರಷ್ಟನ್ನೂ ಆ 'ಗಾಳಿ'ಯ ಮೇಲೆ ಸುರಿದುಬಿಟ್ಟರು.