ಟಕ್‌ಟಕ್ ಅಕ್ಕನ ನಾಣ್ಯ
ವಿಮಾನ ರಿಪೇರಿ ಶೆಡ್ಡಿನ ನಮ್ಮ ಟಕ್‌ಟಕ್ ಅಕ್ಕನಿಗೆ ಕಣ್ಣಿಗಿಂತ ಕಿವಿಯ ಮೇಲೆ ನಂಬಿಕೆ ಹೆಚ್ಚು. ಕಾರ್ಬನ್ ಫೈಬರ್ ರೆಕ್ಕೆಯ ಮೇಲೆ ಸ್ಪ್ಯಾನರ್ ಬಿದ್ದರೆ ಹೊರಗೆ ಗೀರೂ ಕಾಣದಿರಬಹುದು, ಒಳಗೆ ಪದರಗಳು ಬಿಟ್ಟುಕೊಂಡಿರುತ್ತವೆ. ಅಂಥ ರೆಕ್ಕೆ ಆಕಾಶದಲ್ಲಿ ಕೈಕೊಡುತ್ತದೆ. ಅದಕ್ಕೇ ಅಕ್ಕ ನಾಣ್ಯ ಹಿಡಿದು, ತಲೆ ವಾಲಿಸಿ, ಇಂಚಿಂಚೂ ತಟ್ಟುತ್ತಾಳೆ: ಗಟ್ಟಿಯಿದ್ದಲ್ಲಿ ಟಣ್, ಪದರ ಬಿಟ್ಟಲ್ಲಿ ಡಬ್. ಚಟ ಎಷ್ಟೆಂದರೆ ಕ್ಯಾಂಟೀನಿನ ಮೇಜು, ಲಿಫ್ಟಿನ ಬಾಗಿಲು, ಗಂಡನ ಹೊಸ ಹೆಲ್ಮೆಟ್ಟು, ಯಾವುದನ್ನೂ ಬಿಟ್ಟವಳಲ್ಲ. "ಮದುವೆಗೆ ಮುಂಚೆ ನನ್ನ ತಲೇನೂ ತಟ್ಟಿ ನೋಡಿದ್ಲು ಕಣ್ರೀ" ಎನ್ನುತ್ತಾನೆ ಆ ಪುಣ್ಯಾತ್ಮ. "ಡಬ್ ಅಂತು, ಆದ್ರೂ ಒಪ್ಕೊಂಡೆ" ಎನ್ನುತ್ತಾಳೆ ಇವಳು. ದಿನಾ ಕೆಲಸ ಶುರುವಾಗುವ ಮುಂಚೆ ನಮಗೆಲ್ಲ ಒಂದೇ ಮಾತು: "ಕೈ ಜಾರೋದು ತಪ್ಪಲ್ಲ ಕಣ್ರೋ, ಬಾಯಿ ಮುಚ್ಕೊಂಡಿರೋದು ತಪ್ಪು." ನಾವು ನಕ್ಕು ಕೆಲಸಕ್ಕೆ ಇಳಿಯುತ್ತಿದ್ದೆವು. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ, ಅಕ್ಕ ಆಗಲೇ ತಟ್ಟಿ ಪಾಸು ಮಾಡಿದ್ದ, ಸಂಜೆ ಹಾರಬೇಕಿದ್ದ ವಿಮಾನದ ರೆಕ್ಕೆಯ ಮೇಲೆ ಸೀಮೆಸುಣ್ಣದ ವೃತ್ತ. ಅಲ್ಲಿ ಗೀರೂ ಇಲ್ಲ, ಏನಾಯಿತೆಂದು ಕಂಡವರೂ ಇಲ್ಲ. ವೃತ್ತದೊಳಗೆ ಅಕ್ಕನದೇ ದುಂಡಗಿನ ಅಕ್ಷರ: "ಟಾರ್ಚ್ ಬಿತ್ತು. ಬೀಳಿಸಿದವಳು ನಾನು."