ಹೊಸ ಕುದುರೆ ಹಾರುವ ಕಾಯ್ದೆ

ಆ ಕಾಲದಲ್ಲಿ ನಮ್ಮ ಕಡೆ ಚದುರಂಗಕ್ಕೆ ಒಂದೇ ಕಾಯ್ದೆ ಇರಲಿಲ್ಲ. ಸಿದ್ದಾಪುರದ ಕಡೆ ಒಂದು ಬಗೆ, ಯಲ್ಲಾಪುರದ ಕಡೆ ಇನ್ನೊಂದು. ಅಕ್ಕಪಕ್ಕದ ಮನೆಗಳಲ್ಲೇ ಬೇರೆ ಬೇರೆ ಇದ್ದದ್ದೂ ಉಂಟು. ಹಾಗಾಗಿ ಹೊಸಬರ ಜೊತೆ ಆಡುವವರು ಕಾಯಿ ಹೂಡುವ ಮೊದಲೇ "ನಿಂಗಳಲ್ಲಿ ಹ್ಯಾಂಗೆ?" ಎಂದು ಕೇಳಿಕೊಳ್ಳಬೇಕು. ಮಾವ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸೊಸೆಯಾದವಳಿಗೆ ಮನೆಯ ಕಾಯ್ದೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ತಪ್ಪಿದಾಗಲೇ ಗೊತ್ತಾಗುವುದು.

ನಾನು ಸಿದ್ದಾಪುರದ ಕಡೆಯ ಕಾನಸೂರಿನ ಹತ್ತಿರದಿಂದ ಯಲ್ಲಾಪುರದ ಕಡೆಗೆ ಮದುವೆಯಾಗಿ ಬಂದವಳು. ಮಾವನ ಜೊತೆ ಆಡುತ್ತಿದ್ದ ಪೇಟೆಯ ಸಾಹೇಬರು ಮೋಟಾರು ನಡೆಸಲು ಶಿರಸಿಗೆ ಹೋದಮೇಲೆ ಮಾವನಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ನನಗೆ ಅಪ್ಪಯ್ಯ ಆಟ ಕಲಿಸಿದ್ದಾನೆಂದು ತಿಳಿದದ್ದೇ ತಡ, ಜಗಲಿಯ ಮೇಲಿದ್ದ ಮಣೆ ನಡುಮನೆಗೆ ಬಂತು. "ಸೊಸೆ ತಂದದ್ದು ಕೆಲಸಕ್ಕೋ ಆಟಕ್ಕೋ" ಎಂದು ಅತ್ತೆ ಗೊಣಗಿದರು.

ಆ ವರ್ಷ ನನ್ನ ತಂಗಿಯ ಮದುವೆ ನಿಶ್ಚಯವಾಯಿತು. ಗಂಡಿನ ಮನೆ ಘಟ್ಟದ ಕೆಳಗೆ. ಒಮ್ಮೆ ಹೋದಳೆಂದರೆ ಮತ್ತೆ ಯಾವಾಗ ಸಿಗುತ್ತಾಳೋ. ಎಂಟು ದಿನ ಮೊದಲೇ ಹೋಗಿ ಅವಳ ಪಕ್ಕದಲ್ಲಿ ಮಲಗಬೇಕೆಂದು ನನಗೆ ಆಸೆ. ಅತ್ತೆಗೆ ಕೈನೋವು, ಮದುವೆಯ ಹಿಂದಿನ ದಿನ ಹೋದರೆ ಸಾಕು ಎಂದರು ಮಾವ. ನನ್ನ ಮುಖ ನೋಡಿ, "ಯನ್ನ ಸೋಲ್ಸು. ಅಪ್ಪಯ್ಯ ಮದ್ವೆ ಕರೆಯಲೆ ಬಂದಾಗ ಅವನ ಸಂಗ್ತಿಗೇ ಹೋಗು" ಎಂದರು. ತಮಾಷೆಗೆ ಅಂದದ್ದಿರಬಹುದು. ನಾನು ಹಾಗೆ ತೆಗೆದುಕೊಳ್ಳಲಿಲ್ಲ.

ಆಟದ ಕೊನೆಗೆ ನನ್ನ ರಾಜ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ. ಮಾವ ಆನೆಯನ್ನು ಒಮ್ಮೆ ಸರಿಸಿದರೆ ಮುಗಿಯಿತು. ಆದರೆ ಪಾಳಿ ನನ್ನದು. ನನ್ನದೊಂದು ಕಾಲಾಳು ಕುದುರೆಯ ಸಾಲಿನ ಕೊನೆಯ ಮನೆ ಮುಟ್ಟಿ, ಆ ಸಾಲಿನ ಕಾಯಿಯೇ ಆಗಬೇಕಾದ್ದರಿಂದ, ಕುದುರೆಯಾಯಿತು. ಅದೇ ಪಾಳಿಯಲ್ಲಿ ಅದನ್ನು ಹಾರಿಸಿ ಮಾವನ ರಾಜನನ್ನು ಕಟ್ಟಿಹಾಕಿದೆ.

"ಕುದ್ರೆ ಆತು, ಅಡ್ಡಿಲ್ಲೆ. ಬಪ್ಪ ಸಲ ಹಾರ್ಲಿ. ಈಗ ಯನ್ನ ಪಾಳಿ," ಎಂದರು ಮಾವ.

"ನಮ್ಮಲ್ಲಿ ಹೊಸ ಕುದ್ರೆ ಆಗಲೇ ಹಾರ್ತು. ಅಷ್ಟು ದೂರ ನಡ್ಕಂಡು ಬಂದವ ಕುದ್ರೆ ಹತ್ತಿ ಸುಮ್ನೆ ಕೂರ್ತ್ನ?"

ಅಪ್ಪಯ್ಯನ ಮಾತನ್ನೇ ಹೇಳಿದ್ದೆ. ಮಾವ ಆನೆಗೆ ಚಾಚಿದ್ದ ಕೈ ಹಿಂದೆ ತೆಗೆದರು. "ನಿನ್ನ ಅಪ್ಪಯ್ಯ ಸುಳ್ಳು ಹೇಳ್ತ್ನಿಲ್ಲೆ. ಬಂದಾಗ ಅವನತ್ರೇ ಕೇಳನ. ಅಲ್ಲಿವರೆಗೆ ಕಾಯಿ ಹೀಂಗೇ ಇರ್ಲಿ. ಸಾಕ್ಷಿಗೆ ಮೊದ್ಲೇ ಹೇಳಿಕೊಡಲಾಗ" ಎಂದರು. ಅಪ್ಪಯ್ಯನಿಗೆ ಏನೂ ಹೇಳಿಕೊಡುವುದಿಲ್ಲವೆಂದು ನಾನು ಒಪ್ಪಿದೆ. ಗೆದ್ದೇಬಿಟ್ಟೆ ಎಂದುಕೊಂಡು ಸೀರೆಗಳನ್ನು ಮಡಚಿಯೂ ಇಟ್ಟೆ.

ಅಪ್ಪಯ್ಯ ಬಂದ. ಬೆಲ್ಲ ನೀರು ಕೊಟ್ಟು ಬಾಗಿಲ ಬಳಿ ನಿಂತೆ. ಕ್ಷೇಮಸಮಾಚಾರ ಮುಗಿದಮೇಲೆ ಮಾವ ಮಣೆಯನ್ನು ಎದುರಿಗಿಟ್ಟು, ನಿಮ್ಮ ಕಡೆ ಹೊಸ ಕುದುರೆ ಕೂಡಲೇ ಹಾರುತ್ತದಂತೆ, ಹೌದೇ ಎಂದು ಕೇಳಿದರು. ಅಪ್ಪಯ್ಯ ಗಟ್ಟಿಯಾಗಿ ನಕ್ಕುಬಿಟ್ಟ.

"ಎಲ್ಲೂ ಇಲ್ಲೆ ಭಾವ! ಈ ಕೂಸು ಸಣ್ಣಿದ್ದಾಗ ಸೋತ್ರೆ ಉಣ್ತಿತ್ತಿಲ್ಲೆ, ಅಳ್ತಾ ಮನಿಕ್ಯತ್ತಿತ್ತು. ಅದಕ್ಕೆ ನಾನೇ ಮಾಡಿದ ಕಾಯ್ದೆ ಅದು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅತ್ತೆ ಒಳಗಿನಿಂದ ನಕ್ಕದ್ದು ಕೇಳಿತು. ಮಾವ ನಗಲಿಲ್ಲ. ನನ್ನತ್ತ ಒಮ್ಮೆ ನೋಡಿ, ಕುದುರೆಯನ್ನು ಹಿಂದಿನ ಮನೆಗೆ ತಂದಿಟ್ಟು, ತಮ್ಮ ಆನೆಯನ್ನು ಸರಿಸಿ, "ಆಟ ಮುಗತ್ತು" ಎಂದರು. ಅವರದ್ದು ತಪ್ಪಿರಲಿಲ್ಲ. ನನಗೆ ಉರಿದದ್ದು ಅಪ್ಪಯ್ಯನ ಮೇಲೆ. ಅಷ್ಟು ವರ್ಷ ನಾನು ಗೆದ್ದ ಆಟಗಳಲ್ಲಿ ನಿಜವಾಗಿ ಗೆದ್ದದ್ದು ಯಾವುದು?

ಮೋಟಾರು ರಸ್ತೆಯವರೆಗೆ ಅವನನ್ನು ಕಳಿಸಲು ಹೋದಾಗ ಪಂಥದ ವಿಷಯ ಎಲ್ಲ ಹೇಳಿದೆ. ಅವನು ನಡುದಾರಿಯಲ್ಲೇ ನಿಂತುಬಿಟ್ಟ.

"ಎಂತಕ್ಕೆ ಒಂದು ಸನ್ನೆ ಆದ್ರೂ ಮಾಡಿದ್ದಿಲ್ಲೆ ಕೂಸೇ?"

"ಮಾಡಿದ್ರೆ ನೀ ಸುಳ್ಳು ಹೇಳ್ತಿದ್ಯ?" ಎಂದು ರೇಗಿದೆ. ಅವನು ಸುಳ್ಳು ಹೇಳಿದ್ದನ್ನು ನಾನು ಕೇಳಿದವಳೇ ಅಲ್ಲ.

ಅಪ್ಪಯ್ಯ ಕೊಡೆಯನ್ನು ಈ ಬಗಲಿನಿಂದ ಆ ಬಗಲಿಗೆ ಬದಲಿಸಿದ. ತಿರುವಿನಲ್ಲಿ ಮೋಟಾರಿನ ಸದ್ದು ಕೇಳಿತು.

"ಕುದ್ರೆ ವಿಷಯದಲ್ಲಿ ಆದ್ರೆ ಸುಳ್ಳು ಹೇಳ್ತಿದ್ದೆ," ಎಂದು, ನನ್ನ ಮುಖ ನೋಡದೆ ಬಂದು ನಿಂತ ಮೋಟಾರು ಹತ್ತಿ ಕೂತ.