ಕಚೇರಿಯ ಗಡಿಯಾರ, ಕಾಶಿರಾಯನ ಟಾಂಗಾ

ಬೆಳ್ಳಿಚುಕ್ಕಿ ಇನ್ನೂ ಮಾಸಿಲ್ಲ. ಕಮಲಾಪುರದ ಚಾವಡಿ ಮುಂದೆ ಕಾಶಿರಾಯ ಟಾಂಗಾಕ್ಕೆ ಕುದುರೆ ಕಟ್ಟುತ್ತಿದ್ದಾನೆ. ಇವತ್ತಿನ ಸವಾರಿ ಕಚೇರಿಯ ಪೇಶಕಾರರು, ತಹಸೀಲ್ದಾರರ ಕೈಕೆಳಗಿನ ಅಧಿಕಾರಿ. ಕಲಬುರ್ಗಿ ಸ್ಟೇಶನ್ನಿನಲ್ಲಿ ಅವರಿಗೆ ಹನ್ನೆರಡರ ರೈಲು ಹಿಡಿಸಬೇಕು. ತಪ್ಪಿದರೆ ಚಾಟಿ. ಹೋದ ತಿಂಗಳು ಹೀಗೇ ರೈಲು ತಪ್ಪಿಸಿದ ದೌಲಪ್ಪನೆಂಬ ಟಾಂಗಾದವನು ಇನ್ನೂ ಬೋರಲು ಮಲಗಿದ್ದಾನೆ.

(ಕಾಶಿರಾಯ ಎಂಬುದು ಅವನ ನಿಜವಾದ ಹೆಸರಲ್ಲ. ನಿಜವಾದದ್ದು ಅಚ್ಚಾದರೆ ಅವನ ಬೆನ್ನು ಉಳಿಯುವುದಿಲ್ಲ.)

ಹದಿಮೂರು ವರ್ಷದಿಂದ ಈ ಎಂಟು ಹರದಾರಿ ಹಾದಿ ಅವನದು. "ಒಣ ದಿನಕ್ಕ ಐದು ತಾಸು, ಮಳಿ ಹಿಡೀತಂದ್ರ ಏಳು. ಎರಿ ಹೊಲದ ಅಡ್ಡದಾರಿ ಒಂದು ತಾಸು ಉಳಿಸ್ತದರಿ. ಖರೆ, ಗಾಲಿ ಹೂತ್ರ ಅಲ್ಲೇ ಸಂಜಿ," ಎನ್ನುತ್ತಾನೆ. ಸರಕಾರಿ ಸವಾರಿಗೆ ಬಾಡಿಗೆಯಿಲ್ಲ, ಕುದುರೆಗೆ ಹಿಡಿ ಹುಲ್ಲೂ ಇಲ್ಲ. ನಿಜಾಮರ ನಾಡಿನಲ್ಲಿ ಇದಕ್ಕೆ ವೆಟ್ಟಿ ಎಂದು ಹೆಸರು. ಒಲ್ಲೆ ಎಂದವನ ಕುದುರೆ ಜಪ್ತಿ. ಬಡವನ ಬೆವರನ್ನು ತಮ್ಮ ಮನೆಯ ಬಾವಿಯ ನೀರೆಂದು ಬಗೆದವರಿಗೆ ನಾಚಿಕೆ ಎಂಬುದಿದೆಯೇ?

ಪೇಶಕಾರರು ಹೊರಬರುವಷ್ಟರಲ್ಲಿ ಬಿಸಿಲು ಮಾಳಿಗೆ ಏರಿದೆ. ದಾರಿಯಲ್ಲಿ ಮಹಾಗಾಂವದ ಮರದಡಿ ಟಾಂಗಾ ನಿಲ್ಲಿಸಿ, ಇಳಿದು ಹುಕ್ಕಾ ಹಚ್ಚುತ್ತಾರೆ. ಕಾಶಿರಾಯ ತಲೆಯೆತ್ತಿ ಸೂರ್ಯನನ್ನು ನೋಡುತ್ತಾನೆ.

"ಸಾಹೇಬ್ರ, ಹೊತ್ತಾಗ್ತದ್ರಿ."

ಅವರು ಜೇಬಿನ ಗಡಿಯಾರ ತೆಗೆದು ಅವನ ಮೂಗಿಗೆ ಹಿಡಿಯುತ್ತಾರೆ. "ಓದಾಕ ಬರ್ತದೇನಲೇ? ಇನ್ನೂ ಭಾಳ ವಕ್ತ್ ಅದ. ನಿನ್ನ ಕುದುರಿಗಿ ನಿನಗಿಂತ ಅಕಲ್ ಅದ, ನೋಡು ಹೆಂಗ ಸುಮ್ನ ನಿಂತದ!"

ಓದಲು ಬರುವುದಿಲ್ಲ. ಆದರೆ ಒಂದು ಸಂಗತಿ ಅವನಿಗೆ ಗೊತ್ತು. ಕಚೇರಿಯ ಗಡಿಯಾರವನ್ನು ನೆತ್ತಿಯ ಸೂರ್ಯನಿಗೆ ಹೊಂದಿಸುತ್ತಾರೆ. ಪೇಶಕಾರರದು ಅದಕ್ಕೆ ಹೊಂದಿಸಿದ್ದು. ರೈಲಿನ ಹೊತ್ತೇ ಬೇರೆ, ಇಪ್ಪತ್ತು ನಿಮಿಷ ಮುಂದೆ. ದೌಲಪ್ಪನ ಬೆನ್ನು ಸುಲಿದದ್ದು ಆ ಇಪ್ಪತ್ತು ನಿಮಿಷ. ಹೇಳೋಣವೆಂದರೆ, ಸರಕಾರದ ಗಡಿಯಾರ ಸುಳ್ಳೆಂದ ನಾಲಿಗೆಗೆ ಏನು ಕಾದಿದೆಯೋ?

ತುಟಿ ಕಚ್ಚಿ, ಕದ್ದು ಲಗಾಮು ಜಗ್ಗುತ್ತಾನೆ. ಕುದುರೆ ಕೆನೆದು ಮುಂಗಾಲೆತ್ತುತ್ತದೆ.

"ಬೆದರ್ಯಾದ್ರಿ ಸಾಹೇಬ್ರ! ನಿಲ್ಲವಲ್ದು! ಜಲ್ದಿ ಏರ್ರಿ, ಬರೇ ಟಾಂಗಾ ಓಡಿ ಹೋದೀತು!"

ಹುಕ್ಕಾ ಅಲ್ಲೇ ಉರುಳುತ್ತದೆ, ಪೇಶಕಾರರು ಧಡಪಡಿಸಿ ಟಾಂಗಾ ಏರುತ್ತಾರೆ. ಮುಂದೆ ಕಲಬುರ್ಗಿಯ ಶರಣಬಸಪ್ಪನ ಗುಡಿಯ ಶಿಖರ ಕಂಡರೂ ಕೈಮುಗಿಯಲು ಅವನು ಲಗಾಮು ಬಿಡುವುದಿಲ್ಲ.

ರೈಲು ಸೀಟಿ ಹಾಕುವಾಗ ಪೇಶಕಾರರು ಏದುಸಿರು ಬಿಡುತ್ತ ಡಬ್ಬಿ ಹತ್ತುತ್ತಾರೆ. ಕಿಟಕಿಯಿಂದ ತಮ್ಮ ಗಡಿಯಾರ ನೋಡಿ ಗದರುತ್ತಾರೆ: "ಇವತ್ತ ರೈಲೇ ಮುಂಚೆ ಹೊಂಟದ. ನಾಲಾಯಕರು!"

ಸ್ಟೇಶನ್ನಿನ ಹಮಾಲ ನಬಿಸಾಬ್ ಬಿದ್ದು ಬಿದ್ದು ನಗುತ್ತಾನೆ. "ಏನಪಾ ಕಾಶಿರಾಯ, ರೈಲಿಗೂ ವೆಟ್ಟಿಗಿ ಹಿಡದಾರೇನು?"

ಕಾಶಿರಾಯ ನಗುವುದಿಲ್ಲ. ರೈಲು ಕಣ್ಮರೆಯಾಗುವ ತನಕ ಕುದುರೆಯ ಬಾಯಿಯ ನೊರೆ ಒರೆಸುತ್ತಾನೆ.

"ಹದಿಮೂರು ವರ್ಷದಾಗ ಒಬ್ರಿಗೂ ರೈಲ್ ತಪ್ಸಿಲ್ಲ ನಬಿಸಾಬ. ಒಮ್ಮೆರ ನಾ ಹಿಂದ ಕುಂದ್ರಬೇಕು, ಬ್ಯಾರೆಯವ್ರು ಹೊಡೀಬೇಕು. ಹೊತ್ತೆಷ್ಟಾತು ಅಂತ ಯಾರಿಗೂ ಕೇಳಬಾರದು. ನಿದ್ದಿ ಮಾಡ್ಕೋತ ಊರಿಗಿ ಹೋಗ್ಬೇಕು."